ಕಂಬದ ಹಾಜರಿ

"ಯಾಕೆ ಸಾರ್, ಹೌಸ್ ಅಡ್ಜರ್ನ್ ಆಯ್ತಾ?" ಎಂದು ವಿಧಾನಸಭೆಯ ಕ್ಯಾಂಟೀನಿನ ಸಪ್ಲೈಯರ್ ಕೇಳಿದಾಗ ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮೇಜು ಒರೆಸುವ ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಸಪ್ಲೈಯರ್ ನಿಂತುಬಿಟ್ಟಿದ್ದ. ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಗದರಿಸಿ ಬಾಯಿ ಮುಚ್ಚಿಸಬಹುದಿತ್ತು. "ಇಲ್ಲಪ್ಪ, ನಡೀತಾ ಇದೆ. ಒಂದು ಟೀ ಕೊಡು," ಎಂದ. "ನಡೀತಾ ಇದೆಯಾ?" ಸಪ್ಲೈಯರಿಗೆ ಇನ್ನಷ್ಟು ಗಾಬರಿಯಾಯಿತು. "ಹಾಗಾದ್ರೆ ಮೈಗೆ ಹುಷಾರಿಲ್ವಾ ಸಾರ್? ಡಾಕ್ಟ್ರನ್ನ ಕರೀಲಾ?" ಪ್ರಶ್ನೋತ್ತರದ ಹೊತ್ತಿನಲ್ಲಿ ಅವನನ್ನು ಇಲ್ಲಿ ಕಂಡವರೇ ಇಲ್ಲ. ಉಳಿದ ಶಾಸಕರು ಈ ಹೊತ್ತಿಗೇ ಇಲ್ಲಿಗೆ ಬರುತ್ತಾರೆ, ಕುರ್ಚಿಯ ಮೇಲೆ ಕಾಲು ಚಾಚುತ್ತಾರೆ, ಆಮ್ಲೆಟ್ಟಿಗೆ ಉಪ್ಪು ಕಡಿಮೆ ಎಂದು ಕೂಗಾಡುತ್ತಾರೆ. ಅವನು ಮಾತ್ರ ಗಂಟೆ ಹೊಡೆದ ಕೂಡಲೇ ಒಳಗೆ ಹೋದವನು ಸದನ ಏಳುವ ತನಕ ಕೂತಲ್ಲೇ ಕೂತಿರುತ್ತಾನೆ. ಅದಕ್ಕೇ ಎಲ್ಲರೂ ಅವನನ್ನು ಕಂಬ ಎನ್ನುವುದು. ಒಂದು ಸಲ ಸದನದ ಸೂರು ಸೋರಿ ಎಲ್ಲರೂ ಎದ್ದು ಓಡಿದಾಗ ಅವನು ನೆತ್ತಿಯ ಮೇಲೆ ಹನಿ ಬೀಳುತ್ತಿದ್ದರೂ ಅಲ್ಲಾಡಲಿಲ್ಲವಂತೆ. ವಿರೋಧ ಪಕ್ಷದ ಒಬ್ಬ ತುಂಟ, "ಸೂರು ಹೋದ್ರೂ ಚಿಂತೆಯಿಲ್ಲ ಅಧ್ಯಕ್ಷರೇ, ನಮಗೊಂದು ಕಂಬ ಇದೆ," ಎಂದ. ಆ ಹೆಸರೇ ನಿಂತಿತು. ಮೊದಮೊದಲು ನೋವಾಗುತ್ತಿತ್ತು. ಆಮೇಲೆ, ಯಾವಾಗಿನಿಂದ ಎಂದು ಅವನಿಗೇ ಗೊತ್ತಿಲ್ಲ, ಒಳಗೊಳಗೇ ಖುಷಿಯಾಗತೊಡಗಿತು. ಮಂತ್ರಿಯಾಗಲಿಲ್ಲ, ಹೆಸರು ಮಾಡುವಂಥ ಭಾಷಣ ಮಾಡಲಿಲ್ಲ, ಐದು ಸಲ ಗೆದ್ದರೂ ಪಕ್ಷದವರು ಅವನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಧ್ಯಕ್ಕೇ ಕೂರಿಸಿದರು. ಆದರೆ ಇವನು ಇರಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ನಿವೃತ್ತರಾಗುತ್ತಿದ್ದ ಸಭಾಧ್ಯಕ್ಷರೊಬ್ಬರು ಅದಕ್ಕಾಗಿ ಒಂದು ಫಲಕವನ್ನೂ ಕೊಟ್ಟಿದ್ದರು. ಅದು ಮನೆಯಲ್ಲಿ ಫ್ರಿಜ್ಜಿನ ಮೇಲಿದೆ. ಅಕ್ಕ ಬಂದಾಗಲೆಲ್ಲ ಅದರ ಧೂಳು ಒರೆಸುತ್ತಾಳೆ.

ಅಕ್ಕ ಈಗ ಇದೇ ಕಟ್ಟಡದಲ್ಲಿ, ಅವನ ತಲೆಯ ಮೇಲಿನ ಮಹಡಿಯಲ್ಲಿ, ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿದ್ದಾಳೆ ಎನ್ನುವುದು ನೆನಪಾಗಿ ಅವನು ಎತ್ತಿದ ಟೀಯನ್ನು ಹಾಗೇ ಕೆಳಗಿಟ್ಟ. ಗೋಡೆಯ ಮೇಲಿನ ಧ್ವನಿಪೆಟ್ಟಿಗೆಯಿಂದ ಸದನದ ಸದ್ದು ತೇಲಿಬರುತ್ತಿತ್ತು. ಯಾರೋ ನಾಲ್ಕನೆಯ ಪ್ರಶ್ನೆ ಕೇಳುತ್ತಿದ್ದರು. ಹನ್ನೆರಡನೆಯದು ಅವನದು. ಸಭಾಧ್ಯಕ್ಷರು ಹೆಸರು ಕರೆದಾಗ ಪ್ರಶ್ನೆ ಕೊಟ್ಟ ಸದಸ್ಯ ಎದ್ದು ನಿಂತು ಅದರ ಸಂಖ್ಯೆ ಹೇಳಬೇಕು, ಅಷ್ಟೇ. ಆಗ ಮಂತ್ರಿ ಉತ್ತರ ಕೊಡಲೇಬೇಕು, ಕೊಟ್ಟಿದ್ದು ಕಡತಕ್ಕೆ ಹೋಗಲೇಬೇಕು. ಸದಸ್ಯ ಜಾಗದಲ್ಲಿಲ್ಲದಿದ್ದರೆ ಸಭಾಧ್ಯಕ್ಷರು 'ಗೈರುಹಾಜರಿ' ಎಂದು ಹೇಳಿ ಮುಂದಿನವರನ್ನು ಕರೆಯುತ್ತಾರೆ. ಅಲ್ಲಿಗೆ ಆ ಪ್ರಶ್ನೆ ಬಿದ್ದುಹೋಯಿತು; ಮತ್ತೆ ಕೇಳುವಂತಿಲ್ಲ. ಅವನ ಪ್ರಶ್ನೆ ತುಂಬ ಚಿಕ್ಕದು. ಅವನ ಕ್ಷೇತ್ರದ ಶಾಲೆಯೊಂದರ ಕಾಂಪೌಂಡ್ ಗೋಡೆ ಅಪಾಯದಲ್ಲಿದೆ, ಕೆಡವಬೇಕು ಎಂದು ಅದು ಬೀಳುವ ಮೊದಲೇ ಇಲಾಖೆಗೆ ಗೊತ್ತಿತ್ತೇ? ಗೊತ್ತಿತ್ತು. ಇಂಜಿನಿಯರ್ ಹೋಗಿ ನೋಡಿಬಂದು ಹೇಳಿದ್ದ. ಮಂತ್ರಿಗೂ ಗೊತ್ತು, ಅವನಿಗೂ ಗೊತ್ತು. ಸದನದಲ್ಲಿ ನಿಂತು ಸುಳ್ಳು ಹೇಳುವಷ್ಟು ಮಂತ್ರಿ ದಡ್ಡನಲ್ಲ. ಎದ್ದರೆ ಹೌದು ಎನ್ನಲೇಬೇಕು. ಆ ಒಂದು ಹೌದು ಬಿದ್ದ ದಿನ, ಮಕ್ಕಳನ್ನು ಕೊಂದವಳು ಎಂದು ಊರೆಲ್ಲ ಬೆರಳು ತೋರಿಸುವ ಅಕ್ಕನ ಮಗಳು ತಲೆಯೆತ್ತಿ ಬೀದಿಯಲ್ಲಿ ನಡೆಯಬಹುದು.

ಮಂತ್ರಿ ಸಿಕ್ಕಿದ್ದು ಮೊನ್ನೆ, ಕೈತೊಳೆಯುವ ಕೋಣೆಯಲ್ಲಿ. ಒಂದು ಕಾಲದಲ್ಲಿ ಅವನ ಹಿಂದೆ ಮೈಕು ಹೊತ್ತು ತಿರುಗಿದವನು, ಅವನ ಮನೆಯ ಜಗಲಿಯ ಮೇಲೆ ಮಲಗಿ ಎದ್ದವನು. ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತ, "ಹಿರಿಯರೇ, ಅಕ್ಕ ಚೆನ್ನಾಗಿದಾರಾ?" ಎಂದ. ಚೆನ್ನಾಗಿದ್ದಾಳೆ ಎಂದ ಇವನು. ಆ ಮನೆಯಲ್ಲಿ ಯಾರೂ ಚೆನ್ನಾಗಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮಂತ್ರಿ ಕೈ ಒಣಗಿಸುವ ಯಂತ್ರದ ಕೆಳಗೆ ಕೈ ಹಿಡಿದ. ಆ ಭರ್ರೋ ಎನ್ನುವ ಸದ್ದಿನಲ್ಲಿ ಅರ್ಧ ಮಾತು ಕೇಳಿಸಿತು, ಅರ್ಧ ಕೇಳಿಸಲಿಲ್ಲ. "ವಾಪಸ್ ತಗೊಳ್ಳಿ ಅನ್ನಲ್ಲ. ತಗೊಂಡ್ರೆ ಪೇಪರ್ನೋರು ಯಾಕೆ ಅಂತ ಕೇಳ್ತಾರೆ, ನಿಮಗೇ ಕಷ್ಟ. ಕರೆದಾಗ ನೀವು ಒಳಗಿರಬೇಡಿ, ಅಷ್ಟೇ. ವಯಸ್ಸಾದೋರು, ಒಂದು ಗಳಿಗೆ ಎದ್ದು ಹೋದ್ರೆ ಯಾರು ಕೇಳ್ತಾರೆ?" ಯಂತ್ರ ನಿಂತಿತು. ಆಗ ಮಂತ್ರಿ ತಗ್ಗಿದ ದನಿಯಲ್ಲಿ, ನಿಜವಾದ ಕಾಳಜಿಯಿಂದಲೇ ಎನ್ನುವ ಹಾಗೆ, "ಆ ಗೋಡೆ ಮೇಲೆ ಯಾರ ಹೆಸರಿತ್ತು ಅಂತ ಜನ ಮರೆತಿದಾರೆ. ನಾವ್ಯಾಕೆ ನೆನಪು ಮಾಡಬೇಕು? ಈ ಸಲ ಟಿಕೆಟ್ ಹಂಚೋರು ನಿಮ್ಮ ಹೆಸರು ಬಂದಾಗ ಹೇಗೆ ಮುಖ ಮಾಡಿದ್ರು ಅಂತ ನಾನು ಹೇಳಲ್ಲ, ನಿಮಗೆ ಬೇಜಾರಾಗುತ್ತೆ," ಎಂದು ಬೆನ್ನು ತಟ್ಟಿದ. ಕೈ ಇನ್ನೂ ಒದ್ದೆಯಿತ್ತು. ಅಂಗಿಯ ಬೆನ್ನಿನ ಮೇಲೆ ತಣ್ಣಗೆ ಐದು ಬೆರಳು ಮೂಡಿದ್ದು ಸಂಜೆಯವರೆಗೂ ಆರಿಲ್ಲವೇನೋ ಎಂದು ಅವನಿಗೆ ಅನ್ನಿಸುತ್ತಿತ್ತು. ಇವನು ನೋಡೋಣ ಎಂದಿದ್ದ. ಅದೇ ಅವನ ಮಾತು. ಜನ ಅಹವಾಲು ತಂದರೆ ನೋಡೋಣ. ಹೆಂಡತಿ ಸಾಯುವ ಮುಂಚೆ ಒಮ್ಮೆ ಸಮುದ್ರ ನೋಡಬೇಕು ಎಂದಾಗಲೂ ನೋಡೋಣ. ಇಲ್ಲ ಎಂದು ಯಾರಿಗೂ ಹೇಳಿದವನಲ್ಲ. ಹಾಗಾಗಿ ಒಳ್ಳೆಯ ಮನುಷ್ಯ ಎಂಬ ಹೆಸರು.

ಅಕ್ಕನ ಮಗಳಿಗೂ ನೋಡೋಣ ಎಂದೇ ಹೇಳಿದ್ದ. ಅವಳು ಅದೇ ಶಾಲೆಯಲ್ಲಿ ಟೀಚರು. ಒಂದು ಭಾನುವಾರ ಮನೆಗೆ ಬಂದು, "ಮಾವ, ನಮ್ಮ ಗೋಡೆ ಹೊಟ್ಟೆ ಬಿಟ್ಕೊಂಡಿದೆ. ಬನ್ನಿ ಒಂದ್ಸಲ ನೋಡಿ," ಎಂದಳು. ಚುನಾವಣೆಗೆ ಮುಂಚೆ ತರಾತುರಿಯಲ್ಲಿ ಎದ್ದ ಗೋಡೆ ಅದು. ಅವನ ಅನುದಾನ, ಮಂತ್ರಿಯ ಭಾವಮೈದುನನ ಕಂತ್ರಾಟು. ಸಿಮೆಂಟು ಒಣಗುವ ಮೊದಲೇ ಅವನ ಹೆಸರು ಕೆತ್ತಿದ ಕರಿಕಲ್ಲನ್ನು ನಟ್ಟನಡುವೆ ಕೂರಿಸಿದ್ದರು. ಅವತ್ತು ಅವನು ನಕ್ಕು, "ನನಗೂ ಹೊಟ್ಟೆ ಬಂದಿದೆಯಲ್ಲಮ್ಮ, ನಾನೇನು ಬಿದ್ದುಹೋದ್ನಾ?" ಎಂದಿದ್ದ. ಅಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು, ಪಾಪ, ಮಾವನ ಮರ್ಯಾದೆಗೆ. ಎರಡನೆಯ ಸಲ ಬಂದು ಹೇಳಿದಾಗ ಅವಳು ನಗಲಿಲ್ಲ. ಆಗ ಇಂಜಿನಿಯರಿಗೆ ಫೋನು ಮಾಡಿದ; ಇಂಜಿನಿಯರ್ ಹೋಗಿ ನೋಡಿ, ಬೀಳಿಸಲೇಬೇಕು ಎಂದು ಇಲಾಖೆಗೆ ತಿಳಿಸಿದ; ಇಲಾಖೆ ಅದರ ಮೇಲೆ ಕೂತಿತು. ಅವನು ತನ್ನ ಪಾಲಿನ ಕೆಲಸ ಮುಗಿಯಿತು ಎಂದು ಕೈ ತೊಳೆದುಕೊಂಡ. ಬೇಸಿಗೆಯ ಒಂದು ಮಧ್ಯಾಹ್ನ, ತರಗತಿಯೊಳಗೆ ಧಗೆ ಎಂದು ಅವಳು ಮಕ್ಕಳನ್ನು ಹೊರಗೆ ಕರೆದುಕೊಂಡು ಬಂದು ಚಿತ್ರ ಬರೆಯಲು ಕೂರಿಸಿದಳು. ಗೋಡೆಯಿಂದ ದೂರವೇ. ಆದರೆ ಇಬ್ಬರು ಮಕ್ಕಳು ನೆರಳನ್ನು ಹುಡುಕಿಕೊಂಡು ಹೋಗಿ ಕಲ್ಲಿನ ಕೆಳಗೆ ಕೂತವು. ಓಡಿಹೋಗಿ ಎಳೆಯುವಷ್ಟರಲ್ಲಿ ಗೋಡೆ ಬಿತ್ತು; ಮಕ್ಕಳ ಜೊತೆ ಅವಳ ತೋಳೂ ಅದರಡಿಗೆ ಸಿಕ್ಕಿತು. ಗೋಡೆ ಪುಡಿಪುಡಿಯಾಗಿತ್ತು, ಅವನ ಹೆಸರಿನ ಕಲ್ಲು ಮಾತ್ರ ಒಡೆದಿರಲಿಲ್ಲ. ಯಾರೋ ಅದನ್ನೆತ್ತಿ ಮರಕ್ಕೆ ಒರಗಿಸಿಟ್ಟಿದ್ದರು, ಬಹಳ ಜೋಪಾನವಾಗಿ. ಗೋಡೆಯ ಬಗ್ಗೆ ಯಾವ ದೂರೂ ಬಂದಿರಲಿಲ್ಲ, ಟೀಚರಿನ ಬೇಜವಾಬ್ದಾರಿಯೇ ಕಾರಣ ಎಂದು ಇಲಾಖೆ ಅವಳನ್ನು ಕೆಲಸದಿಂದ ತೆಗೆದುಹಾಕಿತು. ಈಗ ಅವಳು ಮಂಚವನ್ನು ಕೋಣೆಯ ನಡುವಿಗೆ ಎಳೆದುಕೊಂಡು ಮಲಗುತ್ತಾಳೆ. ಗೋಡೆಯ ಹತ್ತಿರ ಹೋಗುವುದಿಲ್ಲ. ಕನ್ನಡಿ ಗೋಡೆಯ ಮೇಲಿದೆ ಎಂದು ತಲೆಯನ್ನೂ ನೋಡಿಕೊಂಡು ಬಾಚುವುದಿಲ್ಲ.

ಐದನೆಯ ಪ್ರಶ್ನೆ ಮುಗಿಯಿತು, ಆರನೆಯದು ಕರೆದರು. ಧ್ವನಿಪೆಟ್ಟಿಗೆಯಲ್ಲಿ ಯಾರೋ ಕೆಮ್ಮಿದರು. ಮೂರನೆಯ ಸಾಲಿನ ಮೂಲೆಯ ಸದಸ್ಯನ ಕೆಮ್ಮು ಅದು ಎಂದು ಅವನಿಗೆ ಗೊತ್ತಾಯಿತು. ಸದನದ ಪ್ರತಿಯೊಂದು ಕೆಮ್ಮನ್ನೂ ಬಲ್ಲ ಅವನು ತನ್ನ ಕ್ಷೇತ್ರದ ಎಷ್ಟು ಮನೆಯ ಕೆಮ್ಮನ್ನು ಬಲ್ಲ ಎಂದು ಯೋಚನೆ ಬಂದು, ಅದು ಯಾರೋ ಭಾಷಣದಲ್ಲಿ ಹೇಳುವ ಮಾತಿನಂತೆ ಕೇಳಿಸಿ ಹೇಸಿಕೆಯಾಯಿತು. ಪಶ್ಚಾತ್ತಾಪ ಪಡುವುದಕ್ಕೂ ಭಾಷಣದ ಮಾತೇ ಬೇಕೇನು? ಸತ್ತ ಇಬ್ಬರಲ್ಲಿ ಒಬ್ಬ ಹುಡುಗನ ತಾಯಿ ಭಾಷಣ ಮಾಡಲಿಲ್ಲ. ಒಂದು ಬೆಳಿಗ್ಗೆ ಬಂದು ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ನಿಂತಿದ್ದಳು. ಬೈಯುತ್ತಾಳೆ ಎಂದು ಅವನು ಮೈಯನ್ನೆಲ್ಲ ಬಿಗಿಹಿಡಿದು ಹೋದ. ಅವಳು ಸೆರಗಿನಿಂದ ಒಂದು ಫೋಟೋ ತೆಗೆದಳು. ಗೋಡೆಯನ್ನು ಉದ್ಘಾಟಿಸಿದ ದಿನದ್ದು. ಹುಡುಗ ಅವನಿಗೆ ಹೂಗುಚ್ಛ ಕೊಡುತ್ತಿದ್ದಾನೆ, ಅವನ ಕೈ ಹುಡುಗನ ತಲೆಯ ಮೇಲಿದೆ. "ಅವನು ನಗ್ತಿರೋದು ಇದೊಂದೇ ಸ್ವಾಮಿ," ಎಂದಳು. "ಸ್ಟುಡಿಯೋದೋರು ದೊಡ್ಡದು ಮಾಡಿಕೊಡ್ತಾರಂತೆ. ನಿಮ್ಮನ್ನ ತೆಗೆದುಬಿಡೋಕೆ ಆಗುತ್ತಾ ಅಂತ ಕೇಳ್ದೆ. ಸಾಹೇಬ್ರ ಫೋಟೋ, ಅವರನ್ನ ಕೇಳ್ದೆ ಕತ್ತರಿ ಹಾಕಲ್ಲ ಅಂದ್ರು. ತಾವು ಒಂದು ಮಾತು ಹೇಳಿದ್ರೆ..." ಅವನು ಸ್ಟುಡಿಯೋಗೆ ಫೋನು ಮಾಡಿ ಹೇಳಿದ. ನನ್ನನ್ನು ತೆಗೆದುಬಿಡಿ ಎಂದ. ಆಮೇಲೆ ಒಂದು ಗೊಂದಲ ಬಂತು, ತಲೆಯ ಮೇಲಿನ ಕೈ ತೆಗೆದರೆ ಹುಡುಗನ ಕೂದಲೂ ಹೋಗುತ್ತದೆಯಂತೆ. "ಕೈ ಇರಲಿ ಬಿಡಿ," ಎಂದಳಂತೆ ತಾಯಿ. ಆ ಮನೆಯಲ್ಲಿ ಈಗ ಮಣಿಕಟ್ಟಿನಿಂದ ಆಚೆಗೆ ಯಾರೂ ಇಲ್ಲದ ಒಂದು ಕೈ ನೇತಾಡುತ್ತಿದೆ. ಆವತ್ತು ಸಂಜೆ, ಉರಿಯುತ್ತಿದ್ದ ಸಿಟ್ಟಿನಲ್ಲಿ, ಯಾರನ್ನೂ ಕೇಳದೆ ಅವನು ಆ ಪ್ರಶ್ನೆಯನ್ನು ಬರೆದು ಕೊಟ್ಟಿದ್ದ. ತನ್ನ ಜೀವಮಾನದಲ್ಲಿ ನೋಡೋಣ ಎನ್ನದೆ ಮಾಡಿದ ಒಂದು ಕೆಲಸ.

ಅಕ್ಕನಿಗೆ ಗ್ಯಾಲರಿಯ ಪಾಸು ತಂದುಕೊಟ್ಟಿದ್ದೂ ಅವನೇ. ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು, "ನೀನು ಎದ್ದು ನಿಲ್ತೀಯಲ್ಲ, ಅದನ್ನ ನೋಡಬೇಕು ನಾನು," ಎಂದಿದ್ದಳು. ಅವಳಿಗೆ ಎದ್ದು ನಿಲ್ಲುವುದೇ ದೊಡ್ಡದು. ಶಾಲೆಯಲ್ಲಿ ಹಾಜರಿ ಕೂಗುವಾಗ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಹೆಸರು ಹತ್ತಿರ ಬರುತ್ತಿದ್ದಂತೆ ಎದೆ ಡವಗುಟ್ಟುವುದು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುವುದು. ಎದ್ದು ನಿಂತರೂ ದನಿ ಹೊರಡುತ್ತಿರಲಿಲ್ಲ. ತಲೆಯೆತ್ತಿ ನೋಡುವ ತಾಳ್ಮೆಯಿಲ್ಲದ ಮೇಷ್ಟ್ರು ಗೈರು ಎಂದು ಹಾಕಿಬಿಡುತ್ತಿದ್ದರು. ಅಲ್ಲೇ ನಿಂತಿದ್ದಾನೆ, ಆದರೂ ಇಲ್ಲ. ಪಕ್ಕದ ತರಗತಿಯಲ್ಲಿದ್ದ ಅಕ್ಕನಿಗೆ ಇದು ಗೊತ್ತಾದ ಮೇಲೆ ಅವಳು ಆ ಹೊತ್ತಿಗೆ ಸರಿಯಾಗಿ ನೀರು ಕುಡಿಯುವ ನೆಪ ಮಾಡಿಕೊಂಡು ಹೊರಗೆ ಬರುವಳು, ಕಿಟಕಿಯ ಸರಳು ಹಿಡಿದು, "ಇದ್ದಾನೆ ಸಾರ್! ಅಲ್ಲೇ ಇದ್ದಾನೆ ನೋಡಿ ಸಾರ್!" ಎಂದು ಕೂಗುವಳು. ಹುಡುಗರೆಲ್ಲ ಗೊಳ್ಳೆಂದು ನಗುತ್ತಿದ್ದರು. ಅವನಿಗೆ ಬದುಕಿಕೊಂಡೆ ಎನ್ನಿಸುತ್ತಿತ್ತು, ಜೊತೆಗೇ ಅವಳ ಬಾಯಿ ಮುಚ್ಚಿಸಬೇಕು ಎಂದೂ. ಅವಳ ಮೇಲೆ ಅವನಿಗೆ ಎಂದಾದರೂ ದ್ವೇಷ ಹುಟ್ಟಿದ್ದರೆ ಆ ಕಿಟಕಿಯ ಹತ್ತಿರವೇ. ದೊಡ್ಡವನಾಗಿ ಸದನಕ್ಕೆ ಬಂದ ಮೇಲೆ ಹಾಜರಿಯ ಬಗ್ಗೆ ಅಷ್ಟು ಆಸೆ ಯಾಕೆ ಬಂತು ಎಂದು ಕೇಳಿದವರಿಗೆ ಅವನು ಪ್ರಜಾಪ್ರಭುತ್ವ ಎಂದು ಏನೇನೋ ಹೇಳುತ್ತಿದ್ದ.

ಒಳಗಿದ್ದು ಮಾಡಿದ್ದಾದರೂ ಏನು? ಸಭಾಧ್ಯಕ್ಷರು "ಒಪ್ಪುವವರು ಹೌದು ಎನ್ನಿ" ಎಂದಾಗಲೆಲ್ಲ ಹೌದು ಎಂದಿದ್ದು. ಎಲ್ಲರೂ ಒಟ್ಟಿಗೆ ಎನ್ನುವಾಗ ಅವನ ದನಿ ಸರಾಗವಾಗಿ ಹೊರಡುತ್ತಿತ್ತು. ಗುಂಪಿನಲ್ಲಿ ಅದಕ್ಕೆ ಯಾವ ತೊಡಕೂ ಇರಲಿಲ್ಲ. ಭೂಮಿಯ ಕಾಯಿದೆಗೆ ಹೌದು, ಮರುವರ್ಷ ಅದನ್ನು ರದ್ದು ಮಾಡುವುದಕ್ಕೂ ಹೌದು. ಒಮ್ಮೆ ಅರ್ಧ ನಿದ್ದೆಯಲ್ಲಿದ್ದಾಗ ಪಕ್ಕದವನು ಮೊಣಕೈಯಲ್ಲಿ ತಿವಿದದ್ದಕ್ಕೂ ಹೌದು ಎಂದುಬಿಟ್ಟು, ಆಗ ಓದುತ್ತಿದ್ದುದು ಸಂತಾಪ ನಿರ್ಣಯ ಎಂದು ಆಮೇಲೆ ಗೊತ್ತಾಗಿ ನಾಲಿಗೆ ಕಚ್ಚಿಕೊಂಡಿದ್ದ. ಒಬ್ಬನೇ ಎದ್ದು ಮಾತಾಡಬೇಕಾಗಿ ಬಂದಾಗಲೆಲ್ಲ ಬರೆದು ತಂದಿದ್ದನ್ನು ಓದಿ ಕೂತಿದ್ದಾನೆ. ಇಷ್ಟಕ್ಕೆ ಒಂದು ಆಯುಷ್ಯ ಬೇಕಾಯಿತೇ ಎಂದು ಅವನು ಟೀಯ ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಅತ್ತಿತ್ತ ಸರಿಸುತ್ತ ಕೂತ. ಎಂಟನೆಯ ಪ್ರಶ್ನೆ. ಹೀಗೆಯೇ ಕೂತಿದ್ದರೆ ಆಯಿತು. ಅಕ್ಕನಿಗೆ ಏನಾದರೂ ಹೇಳಬಹುದು. ಹೊಟ್ಟೆ ಕೆಟ್ಟಿತು ಎನ್ನಬಹುದು. ನಂಬುತ್ತಾಳೆ. ಅವಳು ನಂಬುತ್ತಾಳೆ ಎನ್ನುವುದೇ ತಡೆಯಲಾಗದ ಸಂಗತಿ.

ಬಾಗಿಲು ತಳ್ಳಿಕೊಂಡು ಇಬ್ಬರು ಹೊಸ ಶಾಸಕರು ಬಂದರು. ಒಬ್ಬ ಅವನನ್ನು ಕಂಡು ಕಣ್ಣರಳಿಸಿ, ಇನ್ನೊಬ್ಬನ ತೋಳು ಹಿಡಿದು, "ಅಯ್ಯೋ ಕಂಬ ಇಲ್ಲಿದೆಯಲ್ಲೋ! ಒಳಗೆ ಇದ್ದೋರ ಗತಿಯೇನು, ಬಿಲ್ಡಿಂಗ್ ಬಿದ್ದುಹೋಗುತ್ತೆ!" ಎಂದ. ಇಬ್ಬರೂ ನಕ್ಕರು, ಹಿರಿಯರಿಗೆ ಬೇಜಾರಾಗಬಾರದು ಎಂದು ನಮಸ್ಕಾರವನ್ನೂ ಮಾಡಿದರು. ಹುಡುಗಾಟದ ಮಾತು, ಅವರಿಗೆ ಗೋಡೆಯ ಕಥೆ ಗೊತ್ತಿದೆಯೋ ಇಲ್ಲವೋ. ಅವನಿಗೆ ಮಾತ್ರ ತನ್ನದೇ ನಗೆಮಾತು ತಿರುಗಿ ಬಂದು ಎದೆಗೆ ಗುದ್ದಿದಂತಾಯಿತು. ಎದ್ದ. ಧೈರ್ಯ ಬಂದು ಎದ್ದನೆಂದು ಹೇಳುವಂತಿಲ್ಲ, ಕೂರಲಾರದೆ ಎದ್ದ. ಸಪ್ಲೈಯರ್ ಹಿಂದಿನಿಂದ, "ಸಾರ್, ಟೀ ಹಾಗೇ ಇದೆ," ಎಂದು ಕೂಗಿದ್ದು ಕೇಳಿಸಿತು.

ಕಾರಿಡಾರಿನ ಕೆಂಪು ಜಮಖಾನೆ ನಡುವಿನಲ್ಲಿ ಸವೆದು ದಾರ ಬಿಟ್ಟಿತ್ತು. ಅದರ ಮೇಲೆ ಬೇಗಬೇಗ ಹೆಜ್ಜೆ ಹಾಕುತ್ತ ಅವನು ಸಂಖ್ಯೆಯನ್ನು ಬಾಯಲ್ಲಿ ಹೊರಳಿಸಿಕೊಂಡ. ಹನ್ನೆರಡು. ಹನ್ನೆರಡು. ಮಗುವೂ ಹೇಳಬಹುದಾದ ಮಾತು. ಮಾರ್ಷಲ್ ಬಾಗಿಲು ತೆಗೆದು ಹಿಡಿದ. ಅವನು ರೂಢಿಯಂತೆ ಪೀಠಕ್ಕೆ ತಲೆಬಾಗಿ ತನ್ನ ಜಾಗಕ್ಕೆ ಹೋಗಿ ಕೂತ. ಕುಳಿಬಿದ್ದ ಮೆತ್ತೆ ತನ್ನ ಯಜಮಾನನನ್ನು ಗುರುತು ಹಿಡಿದು ಒಳಕ್ಕೆ ಕರೆದುಕೊಂಡಿತು. ಒಂದು ಗಳಿಗೆ ಎಲ್ಲವೂ ಸರಿಹೋಯಿತು ಎನ್ನಿಸಿತು. ಮೇಲೆ ನೋಡಿದ. ಗ್ಯಾಲರಿಯ ಎರಡನೆಯ ಸಾಲಿನಲ್ಲಿ ಅಕ್ಕ, ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ಬಾಗಿ ಕೂತಿದ್ದಳು. ಇಷ್ಟು ಹೊತ್ತು ಖಾಲಿ ಜಾಗವನ್ನು ನೋಡಿ ನೋಡಿ ಅವಳ ಮುಖ ಸಣ್ಣಗಾಗಿತ್ತೇನೋ. ಅವನನ್ನು ಕಂಡದ್ದೇ ಅರಳಿತು. ಮುಂದಿನ ಸಾಲಿನಲ್ಲಿ ಕೂತ ಮಂತ್ರಿಯೂ ತಿರುಗಿ ಅವನನ್ನು ಕಂಡ. ಮುಖ ಗಂಟಿಕ್ಕಲಿಲ್ಲ. ತುಸು ನಕ್ಕು, ಪೀಠದ ಕಡೆ ನೋಡಿ, ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದ.

ಹನ್ನೊಂದನೆಯ ಪ್ರಶ್ನೆ ಮುಗಿದು ಸಭಾಧ್ಯಕ್ಷರು ಅವನ ಹೆಸರು ಕರೆದರು. ಅವನು ಎದ್ದು ನಿಂತ. ಮುಂದಿನ ಮೈಕಿನ ದೀಪ ಹತ್ತಲಿಲ್ಲ, ಪೀಠ ಅನುಮತಿ ಕೊಟ್ಟರೇ ಅದು ಹತ್ತುವುದು. ಸಭಾಧ್ಯಕ್ಷರ ತಲೆ ಬಗ್ಗಿಯೇ ಇತ್ತು. ತಲೆ ಎತ್ತದೆಯೇ, ನೂರಾರು ಸಲ ಹೇಳಿದ ದನಿಯಲ್ಲಿ, "ಸದಸ್ಯರು ಗೈರುಹಾಜರಿ," ಎಂದರು. ಮಂತ್ರಿಯ ಕಡೆಯವರು ಅವರಿಗೆ ಮೊದಲೇ ಹೇಳಿಟ್ಟಿದ್ದರು. ಅವರದೂ ತಪ್ಪಿಲ್ಲ, ಅವನು ಬರುವುದಿಲ್ಲ ಎಂದೇ ಅವರಿಗೆ ಗೊತ್ತಿದ್ದುದು. ಇದ್ದೇನೆ ಎಂದರೆ ಸಾಕಿತ್ತು. ಮೈಕು ಬೇಕಿರಲಿಲ್ಲ. ಕೈಯೆತ್ತಿದ್ದರೂ ಸಾಕಿತ್ತು. ನಾಲಿಗೆ ಅಂಗುಳಕ್ಕೆ ಅಂಟಿತು. ಎಲ್ಲಿ ಹೋಗಿತ್ತು ಅದು ಇಷ್ಟು ಕಾಲ, ಅದೇ ಒಣಗಿದ ರುಚಿ, ಅದೇ ಸೀಮೆಸುಣ್ಣದ ವಾಸನೆ. ಪಕ್ಕದ ಸದಸ್ಯ ಕಣ್ಣು ಮೇಲೆತ್ತಿ ನೋಡಿ ಏನೂ ಅರ್ಥವಾಗದೆ ಮತ್ತೆ ಫೋನು ನೋಡತೊಡಗಿದ. ನಿಂತವನಿಗೆ ತಾನು ನಿಂತಿದ್ದೇನೆಯೋ ಇಲ್ಲವೋ ಎಂದೇ ಅನುಮಾನವಾಗುವಷ್ಟು ಸಲೀಸಾಗಿ ಸಭಾಧ್ಯಕ್ಷರು ಮುಂದಿನ ಹೆಸರು ಕರೆಯಲು ಬಾಯಿ ತೆರೆದರು. ಆಗ ಮೇಲಿನಿಂದ ಬಂತು ದನಿ. ಮುದಿಯಾಗಿತ್ತು, ಒಡೆದಿತ್ತು, ಆದರೆ ಅದೇ.

"ಇದ್ದಾನೆ ಸಾರ್! ಅಲ್ಲೇ ನಿಂತಿದ್ದಾನೆ ನೋಡಿ ಸಾರ್!"

ಸದನವೆಲ್ಲ ಒಂದೇ ಸಲ ಮುಖ ಮೇಲೆತ್ತಿತು. ಯಾರೋ ಕಿಸಕ್ಕೆಂದರು. ಆಮೇಲೆ ನಗು ಸಾಲಿನಿಂದ ಸಾಲಿಗೆ ಹಬ್ಬಿತು, ಎಂಥದೋ ಬೇಸರದ ಬೆಳಗಿನಲ್ಲಿ ಸಿಕ್ಕಿದ ಒಳ್ಳೆಯ ನಗು. ವಿರೋಧ ಪಕ್ಷದ ಕಡೆಯಿಂದ, "ಯಾರಂತಮ್ಮಾ ಇರೋದು?" ಎಂದು ಒಬ್ಬ ಕೂಗಿದ. ಸಭಾಧ್ಯಕ್ಷರೂ ಈಗ ತಲೆ ಎತ್ತಿದರು. ಅವರು ಅವನ ಸಾಲಿನ ಕಡೆಗೇ ಕತ್ತು ಹೊರಳಿಸುತ್ತಿದ್ದರು. ಇನ್ನೊಂದು ಉಸಿರಿನಷ್ಟು ಹೊತ್ತು ನಿಂತಿದ್ದರೆ ಕಂಡುಬಿಡುತ್ತಿದ್ದ, ಕೇಳಿ ಎನ್ನುತ್ತಿದ್ದರು, ಮಂತ್ರಿ ಏಳಬೇಕಾಗುತ್ತಿತ್ತು. ಅವನಿಗೆ ಅಕ್ಕನ ಮಗಳ ನೆನಪಾಗಲಿಲ್ಲ. ಮಕ್ಕಳ ನೆನಪಾಗಲಿಲ್ಲ. ಟಿಕೆಟ್ಟಿನದು ಕೂಡ ಆಗಲಿಲ್ಲ, ಆಗಿದ್ದರೆ ಕನಿಷ್ಠ ಅದೊಂದು ಕಾರಣವಾಗುತ್ತಿತ್ತು. ಆ ದನಿ ತನ್ನನ್ನು ಕುರಿತದ್ದು ಎಂದು ಈ ಜನಕ್ಕೆ, ತಾನು ಇಷ್ಟು ವರ್ಷ ಮರ್ಯಾದೆಯಿಂದ ಕೂತ ಈ ಜಾಗಕ್ಕೆ, ಗೊತ್ತಾಗಬಾರದು ಎನ್ನುವುದೊಂದೇ ಇತ್ತು. ಅವನು ಕೂತ. ಕೂತದ್ದು ಸಾಲದೆ, ಪೆನ್ನು ಬಿದ್ದುಹೋದವರಂತೆ ಮೇಜಿನ ಕೆಳಗೆ ಬಗ್ಗಿದ. ಪೆನ್ನು ಜೇಬಿನಲ್ಲಿತ್ತು. ಕೆಳಗೆ ಕತ್ತಲು, ಜಮಖಾನೆಯ ಧೂಳು, ಯಾರೋ ಅಗಿದು ಅಂಟಿಸಿದ ಹಳೆಯ ಚೂಯಿಂಗ್ ಗಮ್ಮು. ನೆಲವನ್ನು ಅಂಗೈಯಿಂದ ಸವರುತ್ತ ಅವನು ಅಲ್ಲೇ ಇದ್ದ. ಸಭಾಧ್ಯಕ್ಷರು ಮೇಲಿನಿಂದ, "ಗ್ಯಾಲರಿಯಲ್ಲಿ ಶಾಂತವಾಗಿರಬೇಕು. ಮಾರ್ಷಲ್, ಅವರನ್ನ ಹೊರಗೆ ಕರೆದುಕೊಂಡು ಹೋಗಿ. ಮುಂದಿನ ಪ್ರಶ್ನೆ," ಎನ್ನುವವರೆಗೂ ಏಳಲಿಲ್ಲ.

ಭದ್ರತಾ ಅಧಿಕಾರಿಯ ಕೋಣೆ ನೆಲಮಹಡಿಯಲ್ಲಿ, ಮೆಟ್ಟಿಲಿನ ಕೆಳಗೆ. ಸೂರು ಇಳಿಜಾರಾಗಿದ್ದರಿಂದ ಒಳಗೆ ಹೋಗುವವರು ತಲೆ ತಗ್ಗಿಸಲೇಬೇಕು. ಕರೆಕಳಿಸಿದ ಮೇಲೆಯೇ ಅವನು ಹೋದದ್ದು; ಪ್ರಶ್ನೋತ್ತರ ಮುಗಿದು ಸದನ ಚಹಾಕ್ಕೆಂದು ಎದ್ದಿತ್ತು. ಅಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದಳು. ಮಾರ್ಷಲ್ ತೋಳು ಹಿಡಿದಿದ್ದ ಕಡೆ ರವಿಕೆಯ ತೋಳು ಮುದುಡಿತ್ತು. ಅದನ್ನು ಅವಳು ಸರಿಮಾಡಿಕೊಂಡಿರಲಿಲ್ಲ. ಕನ್ನಡಕವನ್ನು ಕೈಯಲ್ಲಿ ಹಿಡಿದಿದ್ದಳು. ಅಧಿಕಾರಿ ಅವನನ್ನು ಕಂಡು ಕುರ್ಚಿಯಿಂದ ಎದ್ದು ಸಲ್ಯೂಟು ಹೊಡೆದ. "ಕ್ಷಮಿಸಬೇಕು ಸಾರ್, ತೊಂದರೆ ಕೊಟ್ಟೆ. ಈ ಅಮ್ಮನ ಪಾಸಿನ ಮೇಲೆ ತಮ್ಮ ಸಹಿ ಇದೆ. ಗಲಾಟೆ ಮಾಡಿದೋರು ಯಾರ ಕಡೆಯೋರು ಅಂತ ಅಧ್ಯಕ್ಷರಿಗೆ ತಿಳಿಸಬೇಕು. ಅದು ನಿಯಮ." ಆಮೇಲೆ ದನಿ ತಗ್ಗಿಸಿ, ಕಂಬದ ಮೇಲೆ ಅವನಿಗೂ ಅಭಿಮಾನವಿತ್ತು, "ದಿನಾ ಎಷ್ಟೋ ಜನ ಬಂದು ಕೇಳ್ತಾರೆ, ತಾವು ಸಹಿ ಹಾಕ್ತೀರಿ. ಎಲ್ಲರ ಪರಿಚಯ ಇರೋಕಾಗುತ್ತಾ? ಹಾಗಂತಲೇ ಹೇಳಿಬಿಡ್ಲಾ ಸಾರ್?" ಎಂದ.

ಅವನು ಬಾಯಿ ತೆರೆದ. ಇವಳು ನನ್ನ ಅಕ್ಕ. ಮೂರು ಮಾತು. ಹೇಳಬೇಕೆಂದೇ ಬಂದಿದ್ದ, ಮೆಟ್ಟಿಲು ಇಳಿಯುವಾಗ ಹೇಳಿಕೊಂಡೂ ಇದ್ದ. ಅಧಿಕಾರಿ ಕಾಯುತ್ತಿದ್ದ. ಗೋಡೆಯ ಮೇಲೆ ಫ್ಯಾನು ಕಿರುಗುಟ್ಟುತ್ತ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿತು, ಮತ್ತೆ ಈ ಕಡೆಗೆ ಬಂತು. ಅಕ್ಕ ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವಳ ಹಾಗೆ ಅವನ ಬಾಯಿ ನೋಡಿ ಕಾದವರು ಪ್ರಪಂಚದಲ್ಲಿ ಇನ್ನೊಬ್ಬರಿಲ್ಲ. ಅವನ ತುಟಿ ಅಲುಗಿದ್ದನ್ನು, ಮತ್ತೆ ಕೂಡಿಕೊಂಡಿದ್ದನ್ನು ನೋಡಿದಳು.

"ನೋಡೋಣ," ಎಂದ ಅವನು.

ಅಧಿಕಾರಿಗೆ ಅರ್ಥವಾಗಲಿಲ್ಲ. ಅಕ್ಕ ಕನ್ನಡಕ ಹಾಕಿಕೊಂಡಳು. "ಅವರನ್ನ ಯಾಕೆ ಕೇಳ್ತೀರಪ್ಪ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅವರು ನಮ್ಮ ಕಡೆ ಎಮ್ಮೆಲ್ಲೆ. ಪಾಸು ಕೊಟ್ರು. ಅಷ್ಟೇ."

"ಮತ್ತೆ ಇದ್ದಾನೆ ಇದ್ದಾನೆ ಅಂತ ಕೂಗಿದ್ರಲ್ಲಮ್ಮ, ಯಾರನ್ನ?"

"ನನ್ನ ತಮ್ಮ ಅಂದ್ಕೊಂಡೆ," ಎಂದಳು ಅಕ್ಕ. ಬೆಂಚು ಹಿಡಿದುಕೊಂಡು ಎದ್ದಳು. ಮುದುಡಿದ ತೋಳನ್ನು ಈಗ ನೀವಿ ಸರಿಮಾಡಿಕೊಂಡಳು. "ಕಣ್ಣು ಮಂಜಾಗಿದೆ ನೋಡಿ, ದೂರದ್ದು ಕಾಣಿಸಲ್ಲ. ನಾನೇ ತಪ್ಪು ನೋಡಿದೆ. ಅವನು ಇರಲಿಲ್ಲ."

ಅಷ್ಟು ಹೇಳಿ ಅವಳು ತಲೆ ತಗ್ಗಿಸಿ ಬಾಗಿಲು ದಾಟಿದಳು. ಕೌಂಟರಿನಲ್ಲಿ ಕೊಟ್ಟಿದ್ದ ಫೋನನ್ನೂ ಚೀಲವನ್ನೂ ವಾಪಸು ಕೇಳುತ್ತಿದ್ದುದು ಹೊರಗಿನಿಂದ ಕೇಳಿಸಿತು. ಅಷ್ಟರಲ್ಲಿ ಗಂಟೆ ಹೊಡೆಯತೊಡಗಿತು. ಅಧಿಕಾರಿ ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಬೆಲ್ ಆಯ್ತು ಸಾರ್," ಎಂದು ದಾರಿ ಬಿಟ್ಟ. ಅವನ ಕಾಲು ಆಗಲೇ ಸದನದ ಕಡೆಗೆ ತಿರುಗಿತ್ತು.